ಐದನೇ ವರ್ಷ ಯಾರದ್ದು?

2015ರ ಏಪ್ರಿಲ್-ಮೇ ಸುಮಾರಿನ ಮಾತು. ಆಗ ನಾನು ವರ್ಜೀನಿಯಾದಲ್ಲಿ ಕೆಲಸದಲ್ಲಿದ್ದೆ. ಪಕ್ಕದ ಸೀಟಿನ ಸಹೋದ್ಯೋಗಿ ವಾಷಿಂಗ್ಟನ್ ಫುಟ್‌ಬಾಲ್ ತಂಡದ ಕಟ್ಟಾ ಅಭಿಮಾನಿ. ಒಂದು ಮಧ್ಯಾಹ್ನ ನಾನು ಡಬ್ಬಿ ಬಿಚ್ಚಿ ಚಿತ್ರಾನ್ನಕ್ಕೆ ಕೈ ಹಾಕುವಷ್ಟರಲ್ಲಿ ಬಂದು, "ನಮ್ಮವರು ಗ್ರಿಫಿನ್ ಆಪ್ಷನ್ ತಗೊಂಡುಬಿಟ್ಟರು" ಅಂದ. ಮುಖದಲ್ಲಿ ಖುಷಿಯೂ ಇಲ್ಲ, ಬೇಜಾರೂ ಇಲ್ಲ.

ನಾನೋ ಕ್ರಿಕೆಟ್ ನೋಡಿಕೊಂಡು ಬೆಳೆದವನು. ಆಪ್ಷನ್ ಅಂದರೆ ಆಯ್ಕೆ ತಾನೇ? ರಾಬರ್ಟ್ ಗ್ರಿಫಿನ್ ಅನ್ನೋ ಹುಡುಗ ಇನ್ನೊಂದು ವರ್ಷ ಇದೇ ತಂಡದಲ್ಲಿರುತ್ತೇನೆ ಅಂತ ಆಯ್ಕೆ ಮಾಡಿಕೊಂಡಿದ್ದಾನೆ ಅಂದುಕೊಂಡು, "ಒಳ್ಳೇದಾಯ್ತಲ್ಲ, ಹುಡುಗನಿಗೆ ನಿಮ್ಮೂರು ಇಷ್ಟವಾಗಿರಬೇಕು" ಅಂದೆ. ಅವನು ನಕ್ಕುಬಿಟ್ಟ. "ಗ್ರಿಫಿನ್‌ನನ್ನು ಯಾರೂ ಕೇಳೋದಿಲ್ಲ. ಆಪ್ಷನ್ ತಂಡದ್ದು. ಅವನದ್ದಲ್ಲ."

ಆ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿತು. ಒಬ್ಬನ ಐದನೇ ವರ್ಷದ ದುಡಿಮೆ, ಆಯ್ಕೆ ಮಾತ್ರ ಇನ್ನೊಬ್ಬರದ್ದು. ಇದು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದೆ. ಹುಡುಕುತ್ತಾ ಹುಡುಕುತ್ತಾ 1936ಕ್ಕೆ ಹೋಗಿ ನಿಂತೆ. ಆ ಕಥೆಯನ್ನೇ ಇವತ್ತು ಬರೆಯೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಇದೆ, ಕಾಫಿ ಮಾಡಿಕೊಂಡು ಬನ್ನಿ.

ಅಂದ ಹಾಗೆ, ಇಲ್ಲಿ ಫುಟ್‌ಬಾಲ್ ಅಂದರೆ ನಾವು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ, ಓಡುವವನ ಮೇಲೆ ನಾಲ್ಕು ಜನ ಬೀಳುವ ಅಮೆರಿಕನ್ ಆಟ. ಇದರಲ್ಲಿ ಮೂಳೆ ಮುರಿಯುವುದು ಅಪರೂಪವಲ್ಲ. ಕಥೆ ಮುಂದೆ ಹೋದಂತೆ ಈ ಮಾತು ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

*

ನಮಗೆಲ್ಲ ಡ್ರಾಫ್ಟ್ ಅಂದರೆ ಬ್ಯಾಂಕಿನ ಡಿಡಿ! ಇಲ್ಲಿಯವರಿಗೆ ಡ್ರಾಫ್ಟ್ ಅಂದರೆ ಕಾಲೇಜು ಮುಗಿಸಿದ ಆಟಗಾರರನ್ನು ವೃತ್ತಿಪರ ತಂಡಗಳು ಸರದಿಯ ಪ್ರಕಾರ ಹಂಚಿಕೊಳ್ಳುವ ವ್ಯವಸ್ಥೆ. ನಮ್ಮ ಐಪಿಎಲ್ ಹರಾಜಿನಲ್ಲಿ ಯಾರು ಹೆಚ್ಚು ಕೂಗುತ್ತಾರೋ ಅವರಿಗೆ ಆಟಗಾರ. ಇಲ್ಲಿ ಕೂಗಾಟವಿಲ್ಲ. ಹೋದ ವರ್ಷ ಯಾರು ಕೊನೆಯ ಸ್ಥಾನದಲ್ಲಿದ್ದರೋ ಅವರಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯ ಸರದಿ. ನಿಮ್ಮ ಹೆಸರನ್ನು ಯಾವ ತಂಡ ಕರೆಯಿತೋ ಅದರ ಜೊತೆ ಮಾತ್ರ ನೀವು ಮಾತಾಡಬಹುದು.

ಇದನ್ನು ತಂದವನು ಬರ್ಟ್ ಬೆಲ್, ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ. ಪಾಪ, ಅವನ ತಂಡ ಸೋತು ಸೋತು ಸುಣ್ಣವಾಗಿತ್ತು. ಒಳ್ಳೆಯ ಹುಡುಗರೆಲ್ಲ ದುಡ್ಡಿರುವ ತಂಡಗಳ ಕಡೆ, ಗೆಲ್ಲುವ ತಂಡಗಳ ಕಡೆ ಹೋಗುತ್ತಿದ್ದರು. ಹೀಗೇ ಆದರೆ ಬಡ ತಂಡಗಳು ಮುಚ್ಚಿಹೋಗುತ್ತವೆ, ಆಮೇಲೆ ನೀವು ಯಾರ ಜೊತೆ ಆಡುತ್ತೀರಿ ಅಂತ 1935ರಲ್ಲಿ ಉಳಿದ ಮಾಲೀಕರನ್ನು ಕೇಳಿದ. ವಾದ ಸರಿಯಾಗಿಯೇ ಇತ್ತು, ಎಲ್ಲರೂ ಒಪ್ಪಿದರು. 1936ರ ಫೆಬ್ರವರಿ 8ರಂದು ಫಿಲಡೆಲ್ಫಿಯಾದ ರಿಟ್ಜ್-ಕಾರ್ಲ್‌ಟನ್ ಹೋಟೆಲಿನಲ್ಲಿ ಮೊದಲ ಡ್ರಾಫ್ಟ್ ನಡೆಯಿತು. 9 ತಂಡ, 9 ಸುತ್ತು, ಒಟ್ಟು 81 ಹುಡುಗರು. ಬೋರ್ಡಿನ ಮೇಲೆ ಹೆಸರು ಬರೆದಿದ್ದರು, ಒಬ್ಬೊಬ್ಬರಾಗಿ ಆರಿಸಿಕೊಂಡರು. ಟಿವಿ ಇಲ್ಲ, ಗದ್ದಲ ಇಲ್ಲ.

ಮೊಟ್ಟಮೊದಲು ಕರೆದ ಹೆಸರು ಜೇ ಬರ್ವಾಂಗರ್. ಷಿಕಾಗೊ ವಿಶ್ವವಿದ್ಯಾಲಯದ ಹುಡುಗ, ಆ ವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರ ಅಂತ ಪ್ರಶಸ್ತಿ ಪಡೆದವನು. ಬರ್ಟ್ ಬೆಲ್ ಇವನನ್ನು ಆರಿಸಿಕೊಂಡ, ಆದರೆ ದುಡ್ಡು ಹೊಂದಲಿಲ್ಲ. ಅವನ ಮೇಲಿನ ಹಕ್ಕನ್ನು ಷಿಕಾಗೊ ಬೇರ್ಸ್ ತಂಡಕ್ಕೆ ದಾಟಿಸಿದ. ಅಲ್ಲೂ ವ್ಯವಹಾರ ಕುದುರಲಿಲ್ಲ. ಕೊನೆಗೆ ಬರ್ವಾಂಗರ್ ಒಂದೇ ಒಂದು ವೃತ್ತಿಪರ ಪಂದ್ಯ ಆಡದೆ ವ್ಯಾಪಾರದ ಕಡೆ ಹೊರಟುಹೋದ.

ಡ್ರಾಫ್ಟ್ ಇತಿಹಾಸದ ಮೊದಲನೆಯ ಆಯ್ಕೆಯೇ ಆಡಲಿಲ್ಲ ಅಂತ ಇದನ್ನು ತಮಾಷೆಯಾಗಿ ಹೇಳುತ್ತಾರೆ. ನನಗೆ ತಮಾಷೆ ಅನ್ನಿಸಲಿಲ್ಲ. ಆ ದಿನ ಅವನಿಗಿದ್ದದ್ದು ಎರಡೇ ದಾರಿ: ಹೇಳಿದ ದುಡ್ಡಿಗೆ ಹೇಳಿದ ತಂಡದಲ್ಲಿ ಆಡು, ಇಲ್ಲಾ ಆಟವನ್ನೇ ಬಿಡು. ಅವನು ಬಿಟ್ಟ. ಓದಿದ್ದ, ಬೇರೆ ಕೆಲಸ ಸಿಕ್ಕಿತು. ಎಲ್ಲರಿಗೂ ಹಾಗೆ ಆಗುತ್ತದೆಯೇ?

*

ಸರಿ, ಡ್ರಾಫ್ಟ್ ಆಯಿತು, ಸಹಿ ಹಾಕಿದಿರಿ ಅಂದುಕೊಳ್ಳಿ. ಆಮೇಲಾದರೂ ಬಿಡುಗಡೆ ಇತ್ತೇ?

ಅಲ್ಲೇ ಬರುವುದು ನಮ್ಮ 'ಆಪ್ಷನ್'. ಆಗಿನ ಕರಾರಿನಲ್ಲಿ ಒಂದು ಕಲಮು ಇರುತ್ತಿತ್ತು. ಕರಾರಿನ ಅವಧಿ ಮುಗಿದ ಮೇಲೂ, ತಂಡಕ್ಕೆ ಬೇಕೆನಿಸಿದರೆ, ಇನ್ನೊಂದು ವರ್ಷ ಆಟಗಾರನನ್ನು ಇಟ್ಟುಕೊಳ್ಳಬಹುದು. ಸಂಬಳ? ಹಳೆಯ ಸಂಬಳದ ಶೇ. 90. ಹೌದು, ಹೆಚ್ಚಲ್ಲ, ಕಡಿಮೆ! ಒಂದು ವರ್ಷ ಅನುಭವ ಜಾಸ್ತಿಯಾದದ್ದಕ್ಕೆ ಶೇ. 10 ಕಡಿತ.

ಆದರೆ ಇದರಲ್ಲೊಂದು ಸಣ್ಣ ಕಿಂಡಿ ಇತ್ತು. ಹೊಸ ಕರಾರಿಗೆ ಸಹಿ ಹಾಕದೆ, ಹತ್ತು ಪರ್ಸೆಂಟ್ ಹೋದರೆ ಹೋಗಲಿ ಅಂತ ಹಲ್ಲು ಕಚ್ಚಿ ಆ ವರ್ಷ ಆಡಿ ಮುಗಿಸಿದರೆ ಆಟಗಾರ ಸ್ವತಂತ್ರ. ಹಾಗೆ ಮಾಡಿ ತೋರಿಸಿದವನು ಆರ್. ಸಿ. ಓವೆನ್ಸ್, ಸ್ಯಾನ್ ಫ್ರಾನ್ಸಿಸ್ಕೊ ತಂಡದವನು. ಎತ್ತರಕ್ಕೆ ನೆಗೆದು, ಎದುರಾಳಿಗಳ ತಲೆಯ ಮೇಲಿಂದ ಚೆಂಡು ಹಿಡಿಯುವುದಕ್ಕೆ ಹೆಸರುವಾಸಿ. 1961ರಲ್ಲಿ ಆಪ್ಷನ್ ವರ್ಷ ಆಡಿ ಮುಗಿಸಿ, ನಮಸ್ಕಾರ ಹೇಳಿ, 1962ಕ್ಕೆ ಬಾಲ್ಟಿಮೋರ್ ತಂಡ ಸೇರಿದ. ಯಾರೂ ಏನೂ ಮಾಡುವ ಹಾಗಿರಲಿಲ್ಲ.

ಮಾಲೀಕರಿಗೆ ನಿದ್ದೆ ಹಾರಿಹೋಯಿತು. ನಮ್ಮಲ್ಲಿ ಒಂದು ಮಾತಿದೆಯಲ್ಲ, ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಅಂತ. ಅದೇ ಆಯಿತು. 1963ರಲ್ಲಿ ಹೊಸ ನಿಯಮ ಬಂತು. ಆಗಿನ ಲೀಗ್ ಮುಖ್ಯಸ್ಥ ಪೀಟ್ ರೋಜೆಲ್, ಹಾಗಾಗಿ ರೋಜೆಲ್ ನಿಯಮ ಅಂತಲೇ ಹೆಸರಾಯಿತು. ಆಟಗಾರ ಆಪ್ಷನ್ ಮುಗಿಸಿ ಬೇರೆ ತಂಡಕ್ಕೆ ಹೋಗಬಹುದು, ಯಾರೂ ತಡೆಯುವುದಿಲ್ಲ. ಆದರೆ ಕರೆದುಕೊಂಡ ತಂಡ ಬಿಟ್ಟುಕೊಟ್ಟ ತಂಡಕ್ಕೆ ಪರಿಹಾರ ಕೊಡಬೇಕು. ಎರಡೂ ತಂಡಗಳು ಒಪ್ಪಂದಕ್ಕೆ ಬರದಿದ್ದರೆ, ಏನು ಪರಿಹಾರ, ಯಾವ ಆಟಗಾರ, ಮುಂದಿನ ಯಾವ ಡ್ರಾಫ್ಟ್ ಸರದಿ ಅನ್ನುವುದನ್ನು ರೋಜೆಲ್ ಒಬ್ಬರೇ ತೀರ್ಮಾನಿಸುತ್ತಾರೆ.

ಇದರ ಬಿಸಿ ಎಷ್ಟೆಂದು ತಿಳಿಯಲು ಡೇವ್ ಪಾರ್ಕ್ಸ್ ಕಥೆ ಕೇಳಿ. 1964ರ ಡ್ರಾಫ್ಟ್‌ನಲ್ಲಿ ಇಡೀ ದೇಶಕ್ಕೇ ಮೊದಲನೆಯ ಆಯ್ಕೆ ಅವನು, ಸ್ಯಾನ್ ಫ್ರಾನ್ಸಿಸ್ಕೊದವರು ತೆಗೆದುಕೊಂಡಿದ್ದರು. 1967ರಲ್ಲಿ ಆಪ್ಷನ್ ವರ್ಷ ಮುಗಿಸಿ, ಆಗ ತಾನೇ ಹುಟ್ಟಿದ್ದ ನ್ಯೂ ಆರ್ಲಿಯನ್ಸ್ ತಂಡಕ್ಕೆ ಹೋದ. ರೋಜೆಲ್ ತೀರ್ಪು ಬಂತು. ನ್ಯೂ ಆರ್ಲಿಯನ್ಸ್‌ನವರು 1968ರ ಮೊದಲ ಸುತ್ತಿನಲ್ಲಿ ಆರಿಸಿಕೊಂಡಿದ್ದ ಕೆವಿನ್ ಹಾರ್ಡಿಯನ್ನು ಕೊಡಬೇಕು, ಜೊತೆಗೆ 1969ರ ಮೊದಲ ಸುತ್ತಿನ ಸರದಿಯನ್ನೂ ಕೊಡಬೇಕು. ಒಬ್ಬನನ್ನು ಕರೆತಂದದ್ದಕ್ಕೆ ಎರಡು ವರ್ಷದ ಬೆಳೆ ಹೋಯಿತು! ಇನ್ನು ಯಾವ ಮಾಲೀಕ ಧೈರ್ಯ ಮಾಡುತ್ತಾನೆ?

ಮುಂದೆ ಕೋರ್ಟಿನಲ್ಲಿ ಲೆಕ್ಕ ಹೊರಬಂತು. 1963ರಿಂದ 1974ರವರೆಗೆ 176 ಆಟಗಾರರು ಆಪ್ಷನ್ ವರ್ಷ ಆಡಿ ಮುಗಿಸಿದ್ದರು. ಬೇರೆ ತಂಡ ಸೇರಲು ಸಾಧ್ಯವಾದದ್ದು 34 ಜನಕ್ಕೆ. ಅದರಲ್ಲಿ ರೋಜೆಲ್ ಸ್ವತಃ ಪರಿಹಾರ ಗೊತ್ತುಮಾಡಿದ್ದು ನಾಲ್ಕೇ ನಾಲ್ಕು ಸಲ. ನಾಲ್ಕೇ ಸಲ ದೊಣ್ಣೆ ಬೀಸಿದ್ದು, ಆದರೆ ದೊಣ್ಣೆ ಇದೆ ಅಂತ ಎಲ್ಲರಿಗೂ ಗೊತ್ತಿತ್ತು.

*

ಈಗ ಕೋರ್ಟಿನ ಕಥೆ. ಬೋರ್ ಹೊಡೆಯುವುದಿಲ್ಲ, ಓದಿ.

ಅಮೆರಿಕದಲ್ಲಿ ಬೇಸ್‌ಬಾಲ್‌ಗೆ ಒಂದು ವಿಚಿತ್ರ ವಿನಾಯಿತಿ ಇತ್ತು. ವ್ಯಾಪಾರಿಗಳು ಒಳಗೊಳಗೇ ಸೇರಿಕೊಂಡು ಪೈಪೋಟಿ ಕೊಲ್ಲಬಾರದು ಅನ್ನುವ ಕಾನೂನು ಅದಕ್ಕೆ ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟೇ 1922ರಲ್ಲಿ ಹೇಳಿತ್ತು. ನಮಗೂ ಅದೇ ವಿನಾಯಿತಿ ಬೇಕು ಅಂತ ಫುಟ್‌ಬಾಲ್ ಮಾಲೀಕರು ವಾದಿಸಿದರು. ಎದುರಿಗೆ ನಿಂತವನು ಬಿಲ್ ರಾಡೋವಿಚ್, ಡೆಟ್ರಾಯ್ಟ್ ತಂಡದ ಆಟಗಾರ. ಅಪ್ಪನಿಗೆ ಹುಷಾರಿಲ್ಲ, ಲಾಸ್ ಏಂಜಲೀಸ್ ಹತ್ತಿರ ಇರಬೇಕು, ಅಲ್ಲಿಯ ತಂಡಕ್ಕೆ ಕಳಿಸಿ ಅಂತ ಕೇಳಿದ್ದ. ಒಪ್ಪಲಿಲ್ಲ. 1946ರಲ್ಲಿ ಬೇರೆ ಲೀಗಿನ ಲಾಸ್ ಏಂಜಲೀಸ್ ತಂಡ ಸೇರಿದ. ಅವನ ಹೆಸರು ಕಪ್ಪುಪಟ್ಟಿಗೆ ಹೋಯಿತು, ಮುಂದೆ ಸಿಗಬೇಕಿದ್ದ ಕೆಲಸವೂ ತಪ್ಪಿತು. ಕೇಸು ಹಾಕಿದ. 1957ರಲ್ಲಿ ಸುಪ್ರೀಂ ಕೋರ್ಟ್, ಬೇಸ್‌ಬಾಲ್ ವಿಷಯ ಬೇರೆ, ಫುಟ್‌ಬಾಲ್‌ಗೆ ಆ ಕಾನೂನು ಅನ್ವಯಿಸುತ್ತದೆ ಎಂದು ತೀರ್ಪು ಕೊಟ್ಟಿತು. ಮುಂದಿನವರಿಗೆ ಬಾಗಿಲು ತೆರೆದದ್ದು ಇವನು.

ಆ ಬಾಗಿಲಿಂದ ಒಳಗೆ ಹೋದವನು ಜಾನ್ ಮ್ಯಾಕಿ. ಬಾಲ್ಟಿಮೋರ್ ತಂಡದ 88ನೇ ನಂಬರಿನ ಆಟಗಾರ. ಅವನನ್ನು ಕೆಳಗೆ ಕೆಡವಲು ಮೂರ್ನಾಲ್ಕು ಜನ ಬೇಕು ಅನ್ನುತ್ತಿದ್ದರಂತೆ. ಆಟಗಾರರ ಸಂಘದ ಅಧ್ಯಕ್ಷನೂ ಆಗಿದ್ದ. 1972ರಲ್ಲಿ ಅವನೂ ಇನ್ನೂ ಕೆಲವು ಆಟಗಾರರೂ ರೋಜೆಲ್ ನಿಯಮದ ವಿರುದ್ಧ ಮಿನ್ನಿಯಾಪೊಲಿಸ್‌ನಲ್ಲಿ ದಾವೆ ಹೂಡಿದರು. 1975ರ ಕೊನೆಯಲ್ಲಿ ಗೆದ್ದರು, 1976ರ ಅಕ್ಟೋಬರಿನಲ್ಲಿ ಮೇಲ್ಮನವಿಯಲ್ಲೂ ಗೆದ್ದರು. ರೋಜೆಲ್ ನಿಯಮ ಬಿತ್ತು.

ಅದೇ 1976ರಲ್ಲಿ ಇನ್ನೊಂದು ತೀರ್ಪು ಬಂತು. ನನಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ ಕಥೆ ಇದು. ಯಾಜೂ ಸ್ಮಿತ್, 1968ರ ಡ್ರಾಫ್ಟ್‌ನ 12ನೇ ಆಯ್ಕೆ. ತೆಗೆದುಕೊಂಡದ್ದು ವಾಷಿಂಗ್ಟನ್. ಕರಾರು ಒಂದು ವರ್ಷದ್ದು, ಬೋನಸ್ಸು ಎಲ್ಲ ಸೇರಿ 50,000 ಡಾಲರ್, ಅದರಲ್ಲಿ ಸಂಬಳ 22,000. ಆ ವರ್ಷದ ಕೊನೆಯ ಪಂದ್ಯದಲ್ಲಿ ಕುತ್ತಿಗೆಗೆ ಪೆಟ್ಟು ಬಿತ್ತು. ಆಟ ಅಲ್ಲಿಗೆ ಮುಗಿಯಿತು. ಇನ್ನೆಂದೂ ಆಡಲಿಲ್ಲ. ತಂಡ ಅವನಿಗೆ ಆಮೇಲೆ ಕೊಟ್ಟದ್ದು 19,800 ಡಾಲರ್.

ಈ 19,800 ಎಲ್ಲಿಂದ ಬಂತು ಹೇಳಿ ನೋಡೋಣ? 22,000ದ ಶೇ. 90! ಆಪ್ಷನ್ ವರ್ಷ ಆಡಿದ್ದರೆ ಎಷ್ಟು ಸಿಗುತ್ತಿತ್ತೋ ಅಷ್ಟು. ಕಾಗದದ ಪ್ರಕಾರ ಲೆಕ್ಕ ಚುಕ್ತಾ.

ಸ್ಮಿತ್ 1970ರಲ್ಲಿ ಕೇಸು ಹಾಕಿದ. ಅವನ ವಾದ ಸರಳ. ಡ್ರಾಫ್ಟ್ ಇಲ್ಲದಿದ್ದರೆ ನಾಲ್ಕು ತಂಡಗಳ ಹತ್ತಿರ ಮಾತಾಡುತ್ತಿದ್ದೆ, ಪೆಟ್ಟಾದರೆ ಏನು ಗತಿ ಅನ್ನುವುದಕ್ಕೂ ಒಂದು ಭದ್ರತೆ ಬರೆಸಿಕೊಳ್ಳುತ್ತಿದ್ದೆ. ಒಂದೇ ತಂಡದ ಮುಂದೆ ನಿಲ್ಲಿಸಿದಿರಿ, ಅದಕ್ಕೇ ಆ ಭದ್ರತೆ ನನಗೆ ಸಿಗಲಿಲ್ಲ. 1976ರಲ್ಲಿ ನ್ಯಾಯಾಧೀಶ ವಿಲಿಯಂ ಬ್ರಯಂಟ್ ಒಪ್ಪಿದರು. ಡ್ರಾಫ್ಟ್ ಕಾನೂನುಬಾಹಿರ ಅಂದರು, 2,76,600 ಡಾಲರ್ ಪರಿಹಾರ ಕೊಡಿ ಅಂದರು. 1978ರಲ್ಲಿ ಮೇಲಿನ ಕೋರ್ಟು ಪರಿಹಾರದ ಮೊತ್ತವನ್ನು ಮರುಪರಿಶೀಲನೆಗೆ ವಾಪಸ್ ಕಳಿಸಿದರೂ, ಆಗಿದ್ದ ರೂಪದ ಡ್ರಾಫ್ಟ್ ತಪ್ಪು ಅನ್ನುವ ಮಾತನ್ನು ಎತ್ತಿಹಿಡಿಯಿತು.

ಹಾಗಾದರೆ ಡ್ರಾಫ್ಟ್ ಇನ್ನೂ ಹೇಗೆ ನಡೆಯುತ್ತಿದೆ ಅಂತ ಕೇಳುತ್ತೀರಿ. ಇಲ್ಲೇ ಇರುವುದು ಕಥೆಯ ತಿರುವು. ಒಂದು ನಿಯಮವನ್ನು ಮಾಲೀಕರು ತಾವೇ ಕೂತು ಹೇರಿದರೆ ಅದು ಕಾನೂನಿಗೆ ವಿರುದ್ಧ. ಅದೇ ನಿಯಮಕ್ಕೆ ಆಟಗಾರರ ಸಂಘ ಮಾತುಕತೆಯಲ್ಲಿ ಒಪ್ಪಿ ಸಹಿ ಹಾಕಿದರೆ ಅದು ಕಾರ್ಮಿಕ ಒಪ್ಪಂದ, ಕೋರ್ಟು ತಲೆಹಾಕುವುದಿಲ್ಲ. 1977ರ ಒಪ್ಪಂದದಲ್ಲಿ ಸಂಘ ಡ್ರಾಫ್ಟ್‌ಗೆ ಸಹಿ ಹಾಕಿತು. 17 ಸುತ್ತು ಇದ್ದದ್ದು 12ಕ್ಕೆ ಇಳಿಯಿತು. ಪರಿಹಾರದ ಪದ್ಧತಿ ಕೂಡ ಬೇರೆ ವೇಷದಲ್ಲಿ ವಾಪಸ್ ಬಂತು. ಕೋರ್ಟಿನಲ್ಲಿ ಗೆದ್ದದ್ದನ್ನು ಮೇಜಿನ ಮೇಲೆ ಬಿಟ್ಟುಕೊಟ್ಟರು ಅಂತ ಮ್ಯಾಕಿಗೆ ಕೊನೆಯವರೆಗೂ ಬೇಸರವಿದ್ದಿದ್ದರೆ ಆಶ್ಚರ್ಯವಿಲ್ಲ.

*

ನಿಜವಾದ ಬಿಡುಗಡೆ ಬಂದದ್ದು 1993ರಲ್ಲಿ. 1987ರ ಮುಷ್ಕರ ಸೋತ ಮೇಲೆ ಸಂಘದವರು ಒಂದು ಉಪಾಯ ಮಾಡಿದರು. 1989ರಲ್ಲಿ ಸಂಘವನ್ನೇ ಕಾರ್ಮಿಕ ಸಂಘವಾಗಿ ಮುಂದುವರಿಸದೆ ಕೈಬಿಟ್ಟರು! ಸಂಘವೇ ಇಲ್ಲ ಅಂದಮೇಲೆ ಒಪ್ಪಂದ ಎಲ್ಲಿಯದು, ವಿನಾಯಿತಿ ಎಲ್ಲಿಯದು? ರಂಗೋಲಿ ಕೆಳಗೆ ತೂರುವ ಸರದಿ ಈಗ ಇವರದ್ದು. 1992ರಲ್ಲಿ ಫ್ರೀಮನ್ ಮೆಕ್‌ನೀಲ್ ಮತ್ತಿತರರು ಮಿನ್ನಿಯಾಪೊಲಿಸ್‌ನಲ್ಲೇ ಕೇಸು ಗೆದ್ದರು. 1993ರಲ್ಲಿ ರಾಜಿ ಆಯಿತು. ಕೆಲವು ವರ್ಷ ಆಡಿ ಕರಾರು ಮುಗಿದವನು ಎಲ್ಲಿಗೆ ಬೇಕಾದರೂ ಹೋಗಬಹುದು. ಬದಲಿಗೆ 1994ರಿಂದ ಒಂದು ತಂಡ ಒಟ್ಟು ಇಷ್ಟೇ ಸಂಬಳ ಕೊಡಬಹುದು ಅಂತ ಮಿತಿ ಬಂತು, ಮೊದಲ ವರ್ಷ 3.46 ಕೋಟಿ ಡಾಲರ್.

ಆಮೇಲಿನ ಹದಿನೈದು ವರ್ಷ ಡ್ರಾಫ್ಟ್‌ನ ಮೊದಲ ಸರದಿಯ ಹುಡುಗರಿಗೆ ಸುಗ್ಗಿ. ಬೋನಸ್ಸುಗಳು ಏರಿದವು, ಏರಿದವು, ಏರುತ್ತಲೇ ಹೋದವು. 2007ರ ಮೊದಲ ಆಯ್ಕೆ ಜಮಾರ್ಕಸ್ ರಸೆಲ್ ದೊಡ್ಡ ಮೊತ್ತಕ್ಕೆ ಸಹಿ ಹಾಕಿ, ಆಟದಲ್ಲಿ ಮಿಂಚದೆ, ಮೂರೇ ವರ್ಷಕ್ಕೆ ಮನೆಗೆ ಹೋದ. 2010ರ ಮೊದಲ ಆಯ್ಕೆ ಸ್ಯಾಮ್ ಬ್ರಾಡ್‌ಫರ್ಡ್‌ಗೆ 6 ವರ್ಷಕ್ಕೆ 7.8 ಕೋಟಿ ಡಾಲರ್, ಅದರಲ್ಲಿ 5 ಕೋಟಿ ಖಾತ್ರಿ. ಒಂದು ಚೆಂಡೂ ಎಸೆಯದ ಹುಡುಗನಿಗೆ ಇಷ್ಟೊಂದೇ ಅಂತ ಮಾಲೀಕರು ಮಾತ್ರವಲ್ಲ, ಹತ್ತು ವರ್ಷ ಆಡಿ ಮೊಣಕಾಲು ಸವೆಸಿಕೊಂಡ ಹಿರಿಯ ಆಟಗಾರರೂ ಗೊಣಗಿದರು.

2011ರಲ್ಲಿ ಹಳೆಯ ಒಪ್ಪಂದ ಮುಗಿಯಿತು. ಮಾರ್ಚಿನಿಂದ ಜುಲೈವರೆಗೆ ಮಾಲೀಕರು ಬಾಗಿಲು ಹಾಕಿ ಕೂತರು. ಹೊಸ ಒಪ್ಪಂದದಲ್ಲಿ ಹೊಸ ಹುಡುಗರ ಸಂಬಳಕ್ಕೆ ಕತ್ತರಿ ಬಿತ್ತು. ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್‌ಗೆ ಸಿಕ್ಕಿದ್ದು 4 ವರ್ಷಕ್ಕೆ 2.2 ಕೋಟಿ ಡಾಲರ್. ಹೋದ ವರ್ಷದವನ ಖಾತ್ರಿ ದುಡ್ಡಿನ ಅರ್ಧಕ್ಕಿಂತ ಕಡಿಮೆ! ಜೊತೆಗೆ ಬಂತು ನಮ್ಮ ಹಳೆಯ ಗೆಳೆಯ, ಆಪ್ಷನ್. ಡ್ರಾಫ್ಟ್ ಆದ ಪ್ರತಿಯೊಬ್ಬನ ಕರಾರು 4 ವರ್ಷ. ಆದರೆ ಮೊದಲ ಸುತ್ತಿನ 32 ಜನರ ಮೇಲೆ ಮಾತ್ರ ತಂಡಕ್ಕೆ ಐದನೇ ವರ್ಷದ ಹಕ್ಕು. ಮೂರು ಸೀಸನ್ ನೋಡಿ, ನಾಲ್ಕನೇ ಸೀಸನ್ನಿಗೆ ಮುಂಚೆ ಮೇ ತಿಂಗಳ ಮೊದಲ ದಿನಗಳೊಳಗೆ ತಂಡ ಹೌದು ಅಥವಾ ಇಲ್ಲ ಅನ್ನಬೇಕು. ಆ ಮೂರು ಸೀಸನ್ ಮುಗಿಯುವವರೆಗೆ ಆಟಗಾರ ಕರಾರು ಬದಲಿಸಿ ಅಂತ ಕೇಳುವ ಹಾಗೂ ಇಲ್ಲ.

ಇದಕ್ಕೆ ಒಪ್ಪಿದವರು ಯಾರು? ಸಂಘದ ಸದಸ್ಯರು, ಅಂದರೆ ಆಗಲೇ ಆಡುತ್ತಿದ್ದವರು. ಮುಂದಿನ ವರ್ಷಗಳಲ್ಲಿ ಡ್ರಾಫ್ಟ್ ಆಗಬೇಕಿದ್ದ ಹುಡುಗರು ಆಗ ಕಾಲೇಜಿನಲ್ಲಿ, ಕೆಲವರು ಇನ್ನೂ ಹೈಸ್ಕೂಲಿನಲ್ಲಿ. ಅವರಿಗೆ ಓಟು ಇರಲಿಲ್ಲ.

ಇನ್ನೊಂದು ವಿಷಯ. ಜಾನ್ ಮ್ಯಾಕಿ ತೀರಿಕೊಂಡದ್ದು 2011ರ ಜುಲೈ 6ರಂದು, ಈ ಮಾತುಕತೆ ನಡೆಯುತ್ತಿದ್ದಾಗಲೇ. 69 ವರ್ಷ. ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆ. ಅವರ ಹೆಂಡತಿ ಲೀಗಿಗೆ ಬರೆದ ಪತ್ರದಿಂದಾಗಿ ಅಂಥ ಮಾಜಿ ಆಟಗಾರರ ಆರೈಕೆಗೆ ಒಂದು ಯೋಜನೆ ಶುರುವಾಗಿತ್ತು, ಅದಕ್ಕೆ ಅವರ ನಂಬರೇ ಹೆಸರು, 88 ಯೋಜನೆ. ಅವರು ಹೋದ ಒಂದು ತಿಂಗಳಿಗೆ ಹೊಸ ಒಪ್ಪಂದಕ್ಕೆ ಸಹಿ ಬಿತ್ತು, ಅದರೊಳಗೆ ಐದನೇ ವರ್ಷದ ಆಪ್ಷನ್.

*

ಈಗ ನನ್ನ ಸಹೋದ್ಯೋಗಿಯ ಗ್ರಿಫಿನ್ ಹತ್ತಿರ ವಾಪಸ್ ಬರೋಣ.

ಹಳೆಯ ಆಪ್ಷನ್ನಿಗೂ ಹೊಸದಕ್ಕೂ ವ್ಯತ್ಯಾಸ ಇತ್ತು, ಇಲ್ಲ ಅನ್ನಬಾರದು. ಶೇ. 90 ಹೋಗಿ ಒಳ್ಳೆಯ ಸಂಬಳ ಬಂದಿತ್ತು. ಮೊದಲ 10 ಆಯ್ಕೆಗಳಿಗೆ, ಅವರ ಸ್ಥಾನದಲ್ಲಿ ಆಡುವ ಅತಿ ಹೆಚ್ಚು ಸಂಬಳದ 10 ಜನರ ಸರಾಸರಿ. 11ರಿಂದ 32ರವರೆಗಿನವರಿಗೆ, 3ನೇ ಸ್ಥಾನದಿಂದ 25ನೇ ಸ್ಥಾನದವರೆಗಿನ ಸಂಬಳಗಳ ಸರಾಸರಿ. ಆದರೆ ಒಂದು ಗಂಟು ಇತ್ತು. ತಂಡ ಹೌದು ಅಂದ ಮೇಲೂ ಆ ದುಡ್ಡು ಗಾಯಕ್ಕೆ ಮಾತ್ರ ಖಾತ್ರಿ. ಐದನೇ ವರ್ಷ ಶುರುವಾಗುವ ಮುಂಚೆ, ಮಾರ್ಚಿನಲ್ಲಿ, ಆಟಗಾರ ಫಿಟ್ ಆಗಿದ್ದರೆ ತಂಡ ಒಂದು ಪೈಸೆ ಕೊಡದೆ ಬಿಟ್ಟುಬಿಡಬಹುದು. ಗಾಯವಾಗಿ ಆಡಲಾರದವನಾಗಿದ್ದರೆ ಮಾತ್ರ ಪೂರ್ತಿ ಕೊಡಬೇಕು.

ಇದರ ಅರ್ಥ ಏನಾಯಿತು ನೋಡಿ. ಗ್ರಿಫಿನ್ 2012ರ ಎರಡನೇ ಆಯ್ಕೆ. ಅವನಿಗಾಗಿ ವಾಷಿಂಗ್ಟನ್ ಮೂರು ವರ್ಷದ ಮೊದಲ ಸುತ್ತಿನ ಸರದಿಗಳನ್ನೂ ಒಂದು ಎರಡನೇ ಸುತ್ತಿನ ಸರದಿಯನ್ನೂ ತೆತ್ತಿತ್ತು. ಮೊದಲ ವರ್ಷ ಊರೇ ಹುಚ್ಚೆದ್ದು ಕುಣಿಯಿತು. 2013ರ ಜನವರಿಯಲ್ಲಿ ಮಂಡಿ ಹೋಯಿತು, 2014ರಲ್ಲಿ ಪಾದದ ಕೀಲು ತಪ್ಪಿತು. ಆದರೂ 2015ರಲ್ಲಿ ತಂಡ ಆಪ್ಷನ್ ತೆಗೆದುಕೊಂಡಿತು, 2016ಕ್ಕೆ ಸುಮಾರು 1.62 ಕೋಟಿ ಡಾಲರ್. ಆಗಸ್ಟಿನಲ್ಲಿ ಅಭ್ಯಾಸ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿತ್ತು. ತಿಂಗಳ ಕೊನೆಗೆ ಕೋಚ್ ಕರ್ಕ್ ಕಸಿನ್ಸ್‌ನನ್ನು ಮುಂದೆ ತಂದರು, ಅವನೇ ಚೆನ್ನಾಗಿ ಆಡುತ್ತಿದ್ದಾನೆ ಅಂದರು. ಇರಬಹುದು, ಕಸಿನ್ಸ್ ಆ ವರ್ಷ ಚೆನ್ನಾಗಿಯೇ ಆಡಿದ. ಆದರೆ ಗ್ರಿಫಿನ್ ಇಡೀ ಸೀಸನ್ ಒಂದೇ ಒಂದು ಸಲವೂ ಕಣಕ್ಕಿಳಿಯಲಿಲ್ಲ. ಅವನಿಗೆ ಪೆಟ್ಟಾದರೆ 1.62 ಕೋಟಿ ತೆರಬೇಕಾಗುತ್ತದೆ ಅನ್ನುವ ಲೆಕ್ಕ ಪತ್ರಿಕೆಗಳಲ್ಲೆಲ್ಲ ಬಂತು. 2016ರ ಮಾರ್ಚಿನಲ್ಲಿ, ಆ ದುಡ್ಡು ಖಾತ್ರಿಯಾಗುವ ಮುಂಚೆ, ತಂಡ ಅವನನ್ನು ಬಿಟ್ಟುಬಿಟ್ಟಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಯಾಜೂ ಸ್ಮಿತ್‌ನ ಕುತ್ತಿಗೆ ನೆನಪಾಯಿತೇ? ಗಾಯಕ್ಕೆ ಭದ್ರತೆ ಬೇಕು ಅಂತ ಅವನು ಕೋರ್ಟಿಗೆ ಹೋದ. ನಲವತ್ತು ವರ್ಷದ ಮೇಲೆ ಆ ಭದ್ರತೆ ಬಂತು. ಆದರೆ ಆಡುವುದೇ ಆಟಗಾರನ ಬದುಕು, ಅದನ್ನೇ ತಡೆಯುವುದಕ್ಕೆ ಆ ಭದ್ರತೆ ಒಂದು ಕಾರಣವಾಗಬಹುದಿತ್ತು.

ಇಲ್ಲ ಅನ್ನಿಸಿಕೊಂಡವರ ಕಥೆಯೂ ಇದೆ. ಟೆಡ್ಡಿ ಬ್ರಿಜ್‌ವಾಟರ್, 2014ರ 32ನೇ ಆಯ್ಕೆ. ಐದನೇ ವರ್ಷದ ಹಕ್ಕು ಸಿಗಲಿ ಅಂತಲೇ ಎಷ್ಟೋ ತಂಡಗಳು ಮೊದಲ ಸುತ್ತಿನ ಕೊನೆಗೆ ಸರದಿ ಕೊಳ್ಳುತ್ತವೆ, ಮಿನೆಸೋಟದವರೂ ಹಾಗೇ ಸರದಿ ಕೊಂಡು ಮೇಲೆ ಬಂದಿದ್ದರು. 2016ರ ಆಗಸ್ಟಿನಲ್ಲಿ ಅಭ್ಯಾಸದಲ್ಲಿ, ಯಾರೂ ಮುಟ್ಟದೆಯೇ, ಮಂಡಿ ಕೀಲು ತಪ್ಪಿತು. ಮರುವರ್ಷ ಮೇ ತಿಂಗಳಲ್ಲಿ ತಂಡ ಆಪ್ಷನ್ ಬೇಡ ಅಂದಿತು. ಗಾಯಕ್ಕೆ ಖಾತ್ರಿ ಕೊಡುವ ಕರಾರು, ಗಾಯವಾದವನಿಗೇ ಸಿಗಲಿಲ್ಲ.

ಹಾಗಂತ ತಂಡದವರ ಲೆಕ್ಕವೆಲ್ಲ ಸರಿ ಬರುತ್ತದೆ ಅಂದುಕೊಳ್ಳಬೇಡಿ. 2019ರ 6ನೇ ಆಯ್ಕೆ ಡೇನಿಯಲ್ ಜೋನ್ಸ್. 2022ರಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನವರು ಸುಮಾರು 2.24 ಕೋಟಿ ಡಾಲರಿನ ಐದನೇ ವರ್ಷ ಬೇಡ ಅಂದರು. ಆ ಸೀಸನ್ ಅವನು ಚೆನ್ನಾಗಿ ಆಡಿಬಿಟ್ಟ. 2023ರಲ್ಲಿ ಅದೇ ತಂಡ 4 ವರ್ಷಕ್ಕೆ 16 ಕೋಟಿ ಕೊಟ್ಟು ಉಳಿಸಿಕೊಂಡಿತು. 2024ರ ನವೆಂಬರಿನಲ್ಲಿ ಬಿಟ್ಟುಬಿಟ್ಟಿತು! ಅದೇ 2022ರಲ್ಲಿ ರೈಡರ್ಸ್ ತಂಡ ಜಾಶ್ ಜೇಕಬ್ಸ್ ಅನ್ನುವ ಓಟಗಾರನ ಆಪ್ಷನ್ ಬೇಡ ಅಂದಿತು. ಆ ವರ್ಷ ಅವನು 1,653 ಗಜ ಓಡಿ ಇಡೀ ಲೀಗಿಗೇ ಮೊದಲಿಗನಾದ. ಹಾಗಾದರೆ ಸ್ವತಂತ್ರನಾದನೇ? ಇಲ್ಲ. ಫ್ರಾಂಚೈಸ್ ಟ್ಯಾಗ್ ಅನ್ನುವ ಇನ್ನೊಂದು ಹಗ್ಗ ಇದೆ, ಕರಾರು ಮುಗಿದವನನ್ನೂ ಒಂದು ವರ್ಷ ಇಟ್ಟುಕೊಳ್ಳುವುದು. ಅದನ್ನು ಹಾಕಿ ನಿಲ್ಲಿಸಿಕೊಂಡರು.

*

2020ರಲ್ಲಿ ಮತ್ತೆ ಹೊಸ ಒಪ್ಪಂದ ಬಂತು. ಆಟಗಾರರು ಒಪ್ಪಿದ್ದು 1,019ಕ್ಕೆ 959 ಓಟುಗಳಿಂದ, ಕೂದಲೆಳೆ ಅಂತರ. ಅದರಲ್ಲಿ ಐದನೇ ವರ್ಷದ ಗಂಟು ಬಿಚ್ಚಿತು. 2018ರ ಡ್ರಾಫ್ಟ್‌ನವರಿಂದ ಶುರುವಾಗಿ, ತಂಡ ಹೌದು ಅಂದ ಕ್ಷಣದಿಂದಲೇ ಐದನೇ ವರ್ಷದ ದುಡ್ಡು ಪೂರ್ತಿ ಖಾತ್ರಿ, ಗಾಯವಾಗಲಿ ಬಿಡಲಿ. ಮೊತ್ತವೂ ಎಷ್ಟನೇ ಆಯ್ಕೆ ಅನ್ನುವುದರ ಮೇಲಲ್ಲ, ಎಷ್ಟು ಆಡಿದ, ಲೀಗಿನ ಅತ್ಯುತ್ತಮರ ಪಂದ್ಯಕ್ಕೆ ಆಯ್ಕೆಯಾದನೇ ಅನ್ನುವುದರ ಮೇಲೆ.

ಇದರಿಂದ ಏನಾಯಿತು ಅಂದರೆ, 2018ರ ಮೊದಲ ಆಯ್ಕೆ ಬೇಕರ್ ಮೇಫೀಲ್ಡ್ ಉಳಿದುಕೊಂಡ. ಕ್ಲೀವ್‌ಲ್ಯಾಂಡ್ 2021ರಲ್ಲಿ ಅವನ ಆಪ್ಷನ್ ತೆಗೆದುಕೊಂಡಿತು, ಸುಮಾರು 1.89 ಕೋಟಿ ಡಾಲರ್. ಆ ಸೀಸನ್ ಭುಜಕ್ಕೆ ಪೆಟ್ಟಾಯಿತು, ಆಟ ಕೆಟ್ಟಿತು, ತಂಡ ಇನ್ನೊಬ್ಬನನ್ನು ತಂದಿತು. ಹಳೆಯ ನಿಯಮವಾಗಿದ್ದರೆ, ವೈದ್ಯರು ಫಿಟ್ ಅಂದ ಕೂಡಲೇ ಬರಿಗೈಯಲ್ಲಿ ಕಳಿಸಬಹುದಿತ್ತು, ಗ್ರಿಫಿನ್‌ನನ್ನು ಕಳಿಸಿದ ಹಾಗೆ. ಈಗ ಆಗಲಿಲ್ಲ. ಕ್ಯಾರೊಲಿನಾ ತಂಡಕ್ಕೆ ದಾಟಿಸಲು ಕ್ಲೀವ್‌ಲ್ಯಾಂಡೇ 1.05 ಕೋಟಿ ಡಾಲರ್ ಕೈಯಿಂದ ಹಾಕಿತು. ಮುಂದೆ ಟ್ಯಾಂಪಾ ಬೇ ತಂಡದಲ್ಲಿ ಮೇಫೀಲ್ಡ್ ಮತ್ತೆ ಎದ್ದು ನಿಂತ.

ಇನ್ನೊಂದು ಕಡೆ ಅದೇ 2018ರ 32ನೇ ಆಯ್ಕೆ ಲಮಾರ್ ಜ್ಯಾಕ್ಸನ್. ಎರಡನೇ ವರ್ಷಕ್ಕೇ ಲೀಗಿನ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡವನು. ಇನ್ನೊಂದೇ ಒಂದು ಸರದಿ ತಡವಾಗಿ, 33ನೆಯವನಾಗಿ ಆಯ್ಕೆಯಾಗಿದ್ದರೆ ಅವನ ಮೇಲೆ ಐದನೇ ವರ್ಷದ ಹಕ್ಕೇ ಇರುತ್ತಿರಲಿಲ್ಲ. 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಆಯ್ಕೆ ಬ್ರಾಕ್ ಪರ್ಡಿ ಮೇಲೂ ಇರಲಿಲ್ಲ. ಮೂರು ಸೀಸನ್ ಆಡಿ 2025ರಲ್ಲಿ 5 ವರ್ಷಕ್ಕೆ 26.5 ಕೋಟಿಗೆ ಸಹಿ ಹಾಕಿದ. ಹೆಚ್ಚು ಬೇಕಾದವನಿಗೆ ಉದ್ದ ಹಗ್ಗ, ಯಾರಿಗೂ ಬೇಡದವನಿಗೆ ಗಿಡ್ಡ ಹಗ್ಗ. ವಿಚಿತ್ರ ಅಲ್ಲವೇ?

ಕೋಟಿಗಟ್ಟಲೆ ಡಾಲರ್ ಎಣಿಸುವವರ ಬಗ್ಗೆ ನಮಗ್ಯಾಕೆ ಮರುಕ ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಅವರ ದುಡ್ಡಿನ ಬಗ್ಗೆ ನನಗೆ ಮರುಕವಿಲ್ಲ. ಆದರೆ 1936ರಿಂದ ಇಲ್ಲಿಯವರೆಗೆ ಸಾಲಾಗಿ ಇಟ್ಟು ನೋಡಿದಾಗ ಒಂದು ವಿಷಯ ಕಂಡಿತು. ಬರ್ವಾಂಗರ್‌ಗೆ ಆಯ್ಕೆಗೆ ಬೆಲೆಯೇ ಇರಲಿಲ್ಲ. ಸ್ಮಿತ್‌ಗೆ 19,800 ಆಯಿತು. ಗ್ರಿಫಿನ್‌ಗೆ 1.62 ಕೋಟಿಯ ಕಾಗದ ಆಯಿತು. ಮೇಫೀಲ್ಡ್‌ಗೆ ಅದು ಗಟ್ಟಿ ದುಡ್ಡಾಯಿತು. ತೊಂಬತ್ತು ವರ್ಷದಲ್ಲಿ ಆಟಗಾರರು ಕೋರ್ಟಿಗೆ ಹೋಗಿ, ಮುಷ್ಕರ ಮಾಡಿ, ಸಂಘವನ್ನೇ ಕೈಬಿಟ್ಟು, ಮತ್ತೆ ಕಟ್ಟಿ ಗೆದ್ದದ್ದು ಆಯ್ಕೆಯ ಬೆಲೆಯನ್ನು. ಆಯ್ಕೆ ಮಾತ್ರ ಕೈ ಬದಲಾಯಿಸಲೇ ಇಲ್ಲ. ಅದು ಇವತ್ತಿಗೂ ತಂಡದ್ದು. 2020ರ ಒಪ್ಪಂದ 2030ರ ಸೀಸನ್‌ವರೆಗೆ ಇದೆ, ಅಲ್ಲಿಯವರೆಗೂ ಹೀಗೇ.

ಬೆಲೆ ಗೆಲ್ಲುವುದು ಸಣ್ಣ ಗೆಲುವೇನಲ್ಲ. ಸ್ಮಿತ್‌ನನ್ನು ಕೇಳಿದ್ದರೆ ಹಾಗೇ ಅನ್ನುತ್ತಿದ್ದನೇನೋ. ಅಂದ ಹಾಗೆ, ಗ್ರಿಫಿನ್ ಆಮೇಲೆ 2018ರಿಂದ 2020ರವರೆಗೆ ಬಾಲ್ಟಿಮೋರ್‌ನಲ್ಲಿ ಲಮಾರ್ ಜ್ಯಾಕ್ಸನ್‌ಗೆ ಬದಲಿ ಆಟಗಾರನಾಗಿದ್ದ. ಆ ಹುಡುಗನ ಐದನೇ ವರ್ಷದ ಕಾಗದ ಬಂದದ್ದು 2021ರಲ್ಲಿ. ಸುಮಾರು 2.3 ಕೋಟಿ ಡಾಲರ್, ಪೂರ್ತಿ ಖಾತ್ರಿ. ಅಷ್ಟು ಹೊತ್ತಿಗೆ ಗ್ರಿಫಿನ್ ತಂಡದಲ್ಲಿರಲಿಲ್ಲ.

ಆವತ್ತು ಡಬ್ಬಿಯ ಮುಂದೆ ಕೂತು, ಹುಡುಗನಿಗೆ ಊರು ಇಷ್ಟವಾಗಿರಬೇಕು ಅಂದಿದ್ದೆನಲ್ಲ. ಈಗಲೂ ಮೇ ತಿಂಗಳು ಬಂದರೆ, ಇಂಥ ತಂಡ ಇಂಥವನ ಆಪ್ಷನ್ ತೆಗೆದುಕೊಂಡಿತು ಅಂತ ಪಟ್ಟಿ ಬರುತ್ತದೆ. ಪಟ್ಟಿ ಓದುವಾಗ ನಾನು ಹುಡುಗರ ಹೆಸರನ್ನಷ್ಟೇ ನೋಡುತ್ತೇನೆ. ಅವರನ್ನು ಯಾರಾದರೂ ಕೇಳಿದರೇ ಅಂತ ಅನ್ನಿಸುತ್ತದೆ.

ನಿಮಗೇನನ್ನಿಸುತ್ತದೆ? ಒಳ್ಳೆಯ ಬೆಲೆ ಸಿಕ್ಕರೆ ಆಯ್ಕೆ ಇಲ್ಲದಿದ್ದರೂ ನಡೆಯುತ್ತದೆಯೇ?